ಮೋಹಕ ಬಲೆ ಖಾಲಿ ಇದ್ದರೆ ಮೊದಲು ಲೂರ್ ನೋಡಿ

ಸಹೋದರರೇ, ಹತ್ತಿಗೆ 90 ದಿನವಾಗಿದೆ, ಮೋಹಕ ಬಲೆಯಲ್ಲಿ ವಾರದಿಂದ ಒಂದು ಪತಂಗವೂ ಬಿದ್ದಿಲ್ಲ, ಆದ್ದರಿಂದ ಹತ್ತಿ ಕಾಯಿಯೊಳಗೆ ಹೊಕ್ಕು ತಿನ್ನುವ ಗುಲಾಬಿ ಕಾಯಿಕೊರಕ ಹುಳುವಿನ ಚಿಂತೆಯಿಲ್ಲ ಎಂದು ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. 45ನೆಯ ದಿನ ಕಟ್ಟಿದ ಲೂರ್, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಬಲೆಗೆ ಸೆಳೆಯುವ ತುಣುಕು, ಇನ್ನೂ ಹಾಗೆಯೇ ಇದೆ ಎಂದೂ ನೀವೇ ಹೇಳಿದ್ದೀರಿ.

ಇದೇ ತಪ್ಪಿನಿಂದ ನಾನು ಒಂದು ವರ್ಷದ ಫಸಲು ಕಳೆದುಕೊಂಡಿದ್ದೇನೆ. ಮೊದಲು ರಾತ್ರಿಗೆ ನಾಲ್ಕೈದು ಬೀಳುತ್ತಿದ್ದ ಪತಂಗಗಳು ಒಂದೆರಡಕ್ಕಿಳಿದು ಕೊನೆಗೆ ಸೊನ್ನೆಯಾದಾಗ ಹುಳು ಹೋಯಿತೆಂದೇ ನಂಬಿದೆ. ಬಿಡಿಸಲು ಹೋದಾಗ ಕಾಯಿಗಳು ಅರೆಬರೆ ಬಿರಿದು, ತೊಳೆಯೊಳಗಿನ ಅರಳೆ ಹಳದಿಗಟ್ಟಿ ಅಂಟಿಕೊಂಡಿತ್ತು. ಲೂರಿನ ವಾಸನೆ ಆರಿತ್ತು, ಪತಂಗಗಳು ಹೊಲದಲ್ಲೇ ಇದ್ದವು.

ಅಂದಿನಿಂದ ಲೂರ್ ಬದಲಿಸಿದ ದಿನಾಂಕವನ್ನು ಬಲೆಯ ಮೇಲೆಯೇ ಮಾರ್ಕರಿನಿಂದ ಬರೆದು, 20-25 ದಿನಕ್ಕೊಮ್ಮೆ ತಪ್ಪದೆ ಹೊಸದು ಹಾಕುತ್ತೇನೆ. ಔಷಧಿ, ತಂಬಾಕು ಮುಟ್ಟಿದ ಕೈಯಿಂದ ಲೂರ್ ಹಿಡಿಯಬೇಡಿ. ಹಳೆಯದನ್ನು ಹೊಲದಲ್ಲಿ ಎಸೆಯಬೇಡಿ. ದರ ಕಡಿಮೆಯೆಂದು ತಯಾರಿಕೆಯ ದಿನಾಂಕವಿಲ್ಲದ ಪಾಕೀಟು ಕೊಳ್ಳುವುದು ನನ್ನ ಮಟ್ಟಿಗೆ ದುಡ್ಡು ಚೆಲ್ಲಿದಂತೆ. ಅಂಗಡಿಯಲ್ಲಿ ಗುಲಾಬಿ ಕಾಯಿಕೊರಕದ ಲೂರಾದ ಗಾಸಿಪ್ಲೂರ್ ಎಂದೇ ಕೇಳಿ, ಏಕೆಂದರೆ ಹೆಲಿಲೂರ್ ಎಂಬ ಇನ್ನೊಂದು ಲೂರಿಗೆ ಬರುವುದು ಹಸಿರು ಕಾಯಿಕೊರಕದ ಪತಂಗ. ಎರಡನ್ನೂ ಒಂದೇ ಬಲೆಯಲ್ಲಿ ಇಡಲೇಬೇಡಿ. ಎಕರೆಗೆ ಎರಡು ಬಲೆ ಸಾಕು, ಆದರೆ ಗಿಡ ಬೆಳೆದಂತೆ ಬಲೆಯನ್ನೂ ಏರಿಸುತ್ತ ತುದಿಗಿಂತ ಒಂದು ಅಡಿ ಮೇಲಿರುವಂತೆ ನೋಡಿಕೊಳ್ಳಬೇಕು.

ದಿನವೂ ಬೆಳಿಗ್ಗೆ ಎಣಿಸಿ ಬಲೆ ಖಾಲಿ ಮಾಡಿ. ಸತತ ಮೂರು ರಾತ್ರಿ, ರಾತ್ರಿಗೆ ಒಂದೊಂದು ಬಲೆಗೆ 8 ಪತಂಗ ಬಿದ್ದರೆ ಸಿಂಪಡಣೆಯ ಹೊತ್ತು ಬಂದಿದೆ ಎಂದರ್ಥ. ಆದರೂ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಹೆಣ್ಣು ಮೊಟ್ಟೆಯಿಡುತ್ತಲೇ ಇರುತ್ತದೆ. ಹಾಗಾಗಿ ಬೇರೆ ಬೇರೆ ಗಿಡಗಳಿಂದ 20 ಹಸಿರು ಕಾಯಿ ಕಿತ್ತು ಸೀಳಿ ನೋಡುವುದನ್ನು ಬಿಡಬಾರದು. ಮರಿಹುಳು ಒಳಹೊಕ್ಕ ತೂತು ಮುಚ್ಚಿಕೊಳ್ಳುವುದರಿಂದ ಹೊರಗೆ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಎಳೆಯ ಹುಳು ಬಿಳಿಯಾಗಿಯೇ ಇರುತ್ತದೆ. ಎರಡು ಕಾಯಲ್ಲಿ ಜೀವಂತ ಹುಳು ಸಿಕ್ಕರೂ ತಡಮಾಡಬೇಡಿ. ಎಸಳು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡ ಹೂಗಳನ್ನು ಕಂಡಲ್ಲೇ ಕಿತ್ತು ನಾಶ ಮಾಡಿ.

ಕಾಯಿಕೊರಕಕ್ಕೆ ಮಾರಕವಾದ ಎರಡು ವಿಷ ಗಿಡದಲ್ಲೇ ಉಂಟಾಗುವ ಬಿಟಿ ಹತ್ತಿಯ ಬೋಲ್‌ಗಾರ್ಡ್ 2 ಬೀಜ ಹಾಕಿದ್ದೇನೆ ಎಂಬ ಧೈರ್ಯವನ್ನು ದಯವಿಟ್ಟು ಬಿಡಿ, ಅದರ ಎರಡೂ ವಿಷಗಳಿಗೆ ಈ ಹುಳು ನಿರೋಧಕತೆ ಬೆಳೆಸಿಕೊಂಡಿದೆ. ಹೆದರಿ ಈಗಲೇ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆಯುವುದೂ ತಪ್ಪು, ಬಿಳಿನೊಣದ ಕಾಟ ಏಳುತ್ತದೆ. ಡಿಸೆಂಬರ್ ಒಳಗೆ ಬೆಳೆ ಮುಗಿಸಿ, ಹತ್ತಿ ಗಿಡದ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿಡದೆ ಪುಡಿ ಮಾಡಿಸಿ. ಉಳಿದ ಒಣ ಕಾಯಿಗಳೊಳಗೆ ಹುಳು ಮುಂದಿನ ಹಂಗಾಮಿನವರೆಗೂ ಮಲಗಿರುತ್ತದೆ.