ಕಾರಿನ ಹೀಟರ್ ಫ್ಯಾನ್ ನಾಲ್ಕನೆಯ ವೇಗದಲ್ಲಿ ಮಾತ್ರ ತಿರುಗುತ್ತದೆ. ಫ್ಯಾನಿನ ವೇಗವನ್ನು ತಗ್ಗಿಸುವ ರೆಸಿಸ್ಟರ್ ಎಂಬ ಭಾಗವನ್ನು ಹೊಸದು ಹಾಕಿಸಿದರೂ ಅದು ಒಂದೇ ತಿಂಗಳಲ್ಲಿ ಸುಟ್ಟಿತು. ಈ ಬಾರಿ ಕಂಪೆನಿಯ ಅಸಲಿ ಭಾಗವನ್ನೇ ಹಾಕಿಸಲೇ?
ಅಸಲಿಯನ್ನೂ ಹಾಕಿಸಬೇಡಿ, ನಕಲಿಯನ್ನೂ ಹಾಕಿಸಬೇಡಿ. ಮೊದಲು ಫ್ಯಾನಿನ ಮೋಟರನ್ನು ಬಿಚ್ಚಿಸಿ ನೋಡಿ. ನಾನು ಮೂರು ರೆಸಿಸ್ಟರುಗಳನ್ನು ಸುಟ್ಟುಕೊಂಡ ಮೇಲೆ ಈ ಮಾತನ್ನು ಹೇಳುತ್ತಿದ್ದೇನೆ.

ನನ್ನ ಮನೆ ಮುಳ್ಳೇರಿಯದ ಹತ್ತಿರ. ಕಾಸರಗೋಡಿನ ಸೆಕೆಯಲ್ಲಿ ಹೀಟರ್ ಯಾರಿಗೆ ಬೇಕು ಎಂದು ನೀವು ನಗಬಹುದು; ಆದರೆ ಹೀಟರಿಗೂ ಎ.ಸಿ.ಗೂ ಗಾಳಿ ಊದುವುದು ಒಂದೇ ಬ್ಲೋವರ್. ತಂಗಿಯ ಮನೆಗೆಂದು ಆಟಿ ತಿಂಗಳ ಮಳೆಯಲ್ಲಿ ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಎದುರಿನ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ಫ್ಯಾನನ್ನು ಎರಡಕ್ಕೆ ತಿರುಗಿಸಿದರೆ ಸದ್ದಿಲ್ಲ, ಮೂರಕ್ಕೆ ತಿರುಗಿಸಿದರೂ ಇಲ್ಲ, ನಾಲ್ಕರಲ್ಲಿ ಮಾತ್ರ ಭೋರೆಂದು ಗಾಳಿ ಬಂತು.

ಗುಂಡಿ ತಿರುಗಿಸಿ ವೇಗ ಬದಲಿಸುವ ಸಾಮಾನ್ಯ ಕಾರುಗಳಲ್ಲಿ ಮೊದಲ ಮೂರು ವೇಗಗಳಿಗೆ ಕರೆಂಟು ರೆಸಿಸ್ಟರಿನ ಮೂಲಕ ಹೋಗುತ್ತದೆ, ನಾಲ್ಕನೆಯದಕ್ಕೆ ನೇರವಾಗಿ ಹೋಗುತ್ತದೆ. ಆದ್ದರಿಂದ ರೆಸಿಸ್ಟರ್ ಸುಟ್ಟಿದೆ ಎಂಬ ನನ್ನ ನಿರ್ಣಯ ಸರಿಯಾಗಿಯೇ ಇತ್ತು, ನಿಮ್ಮದೂ ಸರಿಯಾಗಿದೆ. ನಾನು ತಪ್ಪಿದ್ದು ಅದರ ನಂತರ. ಅದು ಏಕೆ ಸುಟ್ಟಿತು ಎಂದು ನಾನು ಕೇಳಲೇ ಇಲ್ಲ. ಮೊದಲನೆಯದು ಹಳೆಯದಾಗಿತ್ತು ಎಂದುಕೊಂಡೆ, ಎರಡನೆಯದು ಅಗ್ಗದ ಮಾಲು ಎಂದು ಅಂಗಡಿಯವರನ್ನು ದೂರಿದೆ, ಮೂರನೆಯದನ್ನು ದುಬಾರಿ ಬೆಲೆಗೆ ಅಸಲಿಯೆಂದೇ ತಂದೆ. ಅದೂ ಐದು ವಾರಗಳಲ್ಲಿ ಹೋಯಿತು, ಹೋಗುವಾಗ ಅದಕ್ಕೆ ವಯರ್ ಸಿಕ್ಕಿಸುವ ಕನೆಕ್ಟರಿನ ಪ್ಲಾಸ್ಟಿಕ್ಕನ್ನೂ ಕರಗಿಸಿತು. ಈ ಅವಧಿಯುದ್ದಕ್ಕೂ ಎಡಗಡೆಯ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕೀಚ್ ಕೀಚ್ ಎಂಬ ಸದ್ದು ಬರುತ್ತಿತ್ತು. ನಾನು ರೇಡಿಯೊದ ಧ್ವನಿಯನ್ನು ಹೆಚ್ಚಿಸುತ್ತಿದ್ದೆ.

ಕೊನೆಗೆ ಬದಿಯಡ್ಕದ ಎಲೆಕ್ಟ್ರಿಷಿಯನ್ ಒಬ್ಬರು ರೆಸಿಸ್ಟರನ್ನು ಮುಟ್ಟದೆ ಬ್ಲೋವರನ್ನೇ ಕೆಳಗಿಳಿಸಿದರು. ಅಂಗಳದಲ್ಲಿ ಅಡಿಕೆ ಸುಲಿದ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕಾರು ನಿಲ್ಲಿಸುವ ಅಭ್ಯಾಸ ನನ್ನದು. ಇಲಿಗಳು ಎಳೆದು ತಂದ ಆ ಸಿಪ್ಪೆಯ ನಾರು ಮೋಟರಿನ ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡಿತ್ತು. ದಂಡವನ್ನು ಹಿಡಿದಿಡುವ ಬುಷ್ ಒಣಗಿ ಸವೆದಿತ್ತು. ಬೆರಳಿನಿಂದ ತಳ್ಳಿದರೆ ಫ್ಯಾನು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬಿಚ್ಚುವ ಮೊದಲು ಅಳೆದಾಗ ನಾಲ್ಕನೆಯ ವೇಗದಲ್ಲಿ ಅದು 21 ಆಂಪಿಯರ್ ಎಳೆದಿತ್ತು, ಹೊಸ ಮೋಟರ್ 14 ಎಳೆಯಿತು. ಕರೆಂಟು ಒಂದೂವರೆ ಪಟ್ಟಾದರೆ ರೆಸಿಸ್ಟರಿನಲ್ಲಿ ಹುಟ್ಟುವ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಸಾಲದ್ದಕ್ಕೆ ರೆಸಿಸ್ಟರನ್ನು ತಣ್ಣಗಿಡುವುದು ಆ ಫ್ಯಾನಿನ ಗಾಳಿಯೇ. ಫ್ಯಾನು ಸೊರಗಿದರೆ, ಇಲ್ಲವೇ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಕಸದಿಂದ ಕಟ್ಟಿದ್ದರೆ, ಆ ಗಾಳಿಯೂ ಇರುವುದಿಲ್ಲ.

ಹಾಗಾಗಿ ಫಿಲ್ಟರನ್ನು ಹೊರತೆಗೆದು ನೋಡಿ, ಫ್ಯಾನನ್ನು ಕೈಯಿಂದ ತಿರುಗಿಸಿ, ಮೋಟರಿನ ಕರೆಂಟನ್ನು ಅಳೆಯಿಸಿ. ವಯರಿನ ಸುತ್ತ ಸಿಕ್ಕಿಸಿ ಅಳೆಯುವ ಕ್ಲಾಂಪ್ ಮೀಟರ್ ಕಾರಿನ ಬ್ಯಾಟರಿಯ ಡಿ.ಸಿ. ಕರೆಂಟನ್ನೂ ಅಳೆಯುವಂಥದ್ದಾಗಿರಬೇಕು, ಮನೆಯ ವಯರಿಂಗಿನವರ ಬಳಿ ಇರುವ, ಮನೆಯ ಎ.ಸಿ. ಕರೆಂಟನ್ನು ಮಾತ್ರ ಅಳೆಯುವ ಮೀಟರನ್ನು ನಂಬಿ ನಾನು ಒಂದು ಭಾನುವಾರವನ್ನು ಕಳೆದುಕೊಂಡಿದ್ದೇನೆ. ಫ್ಯೂಸ್ ಹಾರಿದರೆ ಹೆಚ್ಚಿನ ಆಂಪಿಯರಿನದನ್ನು ಹಾಕಿಸಿಕೊಳ್ಳಬೇಡಿ, ಯಾರು ಹೇಳಿದರೂ ಸರಿ; ಆಗ ಫ್ಯೂಸಿನ ಬದಲು ವಯರ್ ಸುಡುತ್ತದೆ. ಯಾವ ವೇಗದಲ್ಲೂ ತಿರುಗದಿದ್ದರೆ ಮಾತ್ರ ಫ್ಯೂಸ್, ರಿಲೇ, ಅರ್ಥ್ ವಯರ್‌ಗಳ ಕಡೆ ಹೋಗಬೇಕು; ನಿಮ್ಮದು ಆ ಕಥೆಯಲ್ಲ.

ಮೋಟರ್ ಸರಿಯಾದ ಮೇಲೆ ನಾನು ಹಾಕಿಸಿದ್ದು ಎರಡನೆಯದು ಸುಟ್ಟಾಗ ಬೈದಿದ್ದ ಅಂಗಡಿಯ ಅದೇ ಅಗ್ಗದ ರೆಸಿಸ್ಟರ್, ಅದರ ಜೊತೆಗೆ ಒಂದು ಹೊಸ ಕನೆಕ್ಟರ್. ಎರಡು ಮಳೆಗಾಲಗಳು ಕಳೆದವು, ಅದು ಇನ್ನೂ ಸುಟ್ಟಿಲ್ಲ.