ಟ್ಯಾಂಕಿನ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿದ್ದರೆ

ಕೊಚ್ಚಿಯ ಮರೀನಾದಲ್ಲಿ (ದೋಣಿ ತಂಗುದಾಣ) ಮೂರು ವಾರದಿಂದ ನಿಂತಿರುವ ಹಾಯಿದೋಣಿ, 200 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ನಲ್ಲಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಟ್ಯಾಂಕ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಮೊದಲು ತಣ್ಣೀರು, ಬಿಸಿನೀರು ಬೇರೆ ಬೇರೆ ಲೋಟಕ್ಕೆ ಹಿಡಿದು ಮೂಸಿ ನೋಡಿ. ಬಿಸಿನೀರು ಮಾತ್ರ ನಾರಿದರೆ ಗೀಸರ್ ನೋಡಿ. ತುಕ್ಕು ತಡೆಯಲು ಒಳಗೆ ಹಾಕಿರುವ ಮೆಗ್ನೀಸಿಯಂ ಕಡ್ಡಿಯಿಂದಲೂ ಹೀಗಾಗುತ್ತದೆ. ಎರಡೂ ನಾರಿದರೆ, ನಿಂತ ನೀರಲ್ಲಿ ಬೆಳೆದ ಬ್ಯಾಕ್ಟೀರಿಯಾ ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಎಂಬ ನಾರುವ ಅನಿಲ ಮಾಡುತ್ತಿವೆ ಎಂದರ್ಥ.

ಕಾರ್ಬನ್ ಫಿಲ್ಟರ್ ತೆಗೆದಿಡಿ, ಅದು ಮುಂದೆ ಹಾಕುವ ಬ್ಲೀಚಿನ ಕ್ಲೋರಿನ್ನನ್ನೇ ನುಂಗುತ್ತದೆ. ಟ್ಯಾಂಕ್ ಖಾಲಿ ಮಾಡಿ ಅರ್ಧ ತುಂಬಿಸಿ. ಪರಿಮಳ ಬೆರೆಸದ 5% ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) 200 ಮಿ.ಲೀ. ಅಳೆದು, ಒಂದು ಬಕೆಟ್ ನೀರಲ್ಲಿ ಕಲಸಿ ಸುರಿದು, ಪೂರ್ತಿ ತುಂಬಿಸಿ. ಹಳೇ ಬಾಟಲಿ ಬೇಡ. ಸೆಕೆಗೆ ಅದರ ಶಕ್ತಿ ಇಳಿದಿರುತ್ತದೆ. ಆಮೇಲೆ ಒಂದೊಂದೇ ನಲ್ಲಿ, ಶವರ್ ಸಹಿತ, ಬ್ಲೀಚ್ ವಾಸನೆ ಬರುವ ತನಕ ಬಿಡಿ. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಪೈಪಿನ ಒಳಗೋಡೆಯ ಲೋಳೆ ಹಾಗೇ ಉಳಿದು, ವಾಸನೆ ಮತ್ತೆ ಹಾಜರ್! ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ಎರಡು ಸಲ ತೊಳೆಯಿರಿ. ಅಲ್ಲಿಯ ತನಕ ಆ ನೀರು ಬಾಯಿಗೆ ಬೇಡ. ಬ್ಲೀಚನ್ನು ವಿನೆಗರ್ ಜೊತೆಗೆ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ.

ಜೆಟ್ಟಿಯಲ್ಲಿ ಬಿದ್ದಿರುವ ಸಾರ್ವಜನಿಕ ಪೈಪ್ ಬಳಸಬೇಡಿ. ಯಾರೋ ಅದರಲ್ಲೇ ಟಾಯ್ಲೆಟ್ ಟ್ಯಾಂಕ್ ತೊಳೆದಿರಬಹುದು. ಕುಡಿಯುವ ನೀರಿನ ನಿಮ್ಮದೇ ಪೈಪ್ ಇರಲಿ. ಬಳಸಿದ ಮೇಲೆ ನೀರು ಬಸಿದು, ಎರಡು ತುದಿಗಳನ್ನೂ ಒಂದಕ್ಕೊಂದು ಜೋಡಿಸಿ ಸುತ್ತಿಡಿ. ಜಿರಳೆ ಒಳಗೆ ಹೋಗಲ್ಲ.