ಕನಸಿನ ಕೆಲಸ ಬಿಡುವಾಗ ವಿದಾಯದ ಪತ್ರದಲ್ಲಿ ಏನು ಬರೆಯಬೇಕು?

ಘನತೆಯಿಂದ ಹೊರಬರಲು ಪತ್ರ ಹೇಗಿರಬೇಕು, ನಿಜವಾದ ಕಾರಣ ಬರೆಯಲೇ ಎಂದು ಕೇಳಿದ್ದೀರಿ. 2013ರಲ್ಲಿ ಇದೇ ಯೋಚನೆಯಲ್ಲಿ ನಾನು ಒಂಬತ್ತು ದಿನ ಕಳೆದೆ. ಆ ಒಂಬತ್ತು ದಿನ ನನಗೆ ಇವತ್ತಿಗೂ ಚುಚ್ಚುತ್ತವೆ.

ಕನ್ನಡ ದಿನಪತ್ರಿಕೆಯೊಂದರ ಪುರವಣಿಯಲ್ಲಿ ಉಪಸಂಪಾದಕನಾಗಿದ್ದೆ. ಭಾನುವಾರ ಪೇಪರ್ ಬಂದ ಕೂಡಲೇ ಅಪ್ಪ ಮೊದಲು ಪುರವಣಿ ಎಳೆದುಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವನು. ಹೈಸ್ಕೂಲಿನಿಂದಲೂ ಆಸೆಪಟ್ಟಿದ್ದು ಅದೊಂದೇ ಕೆಲಸ. ಆಮೇಲೆ ನಾಲ್ಕು ಪುಟ ಎರಡಕ್ಕಿಳಿಯಿತು, ಆ ಎರಡರಲ್ಲೂ ಅರ್ಧ ಜಾಹೀರಾತು. ಬಿಟ್ಟೆ. ಒಂದು ತಿಂಗಳ ನೋಟಿಸ್‌ಗೆ ಉಳಿದಿದ್ದ 21 ದಿನ ಗಳಿಕೆ ರಜೆ ಹೊಂದಿಸಿದ್ದರಿಂದ ಕಚೇರಿಗೆ ಹೋಗಬೇಕಾಗಿದ್ದು ಒಂಬತ್ತೇ ದಿನ. ಅಷ್ಟೂ ದಿನ ವಿದಾಯದ ಪತ್ರ ತಿದ್ದಿದೆ. ಮೂರು ಪುಟ. ಎಲ್ಲರೂ ಹೊಗಳಿದರು, ಒಬ್ಬರು ಕಣ್ಣೊರೆಸಿಕೊಂಡರು.

ನನ್ನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಒಂದು ಫೈಲ್ ಇತ್ತು. ಲೇಖಕರು ಅಂಚೆಯಲ್ಲಿ ಕಳಿಸಿದ್ದ, ನಾನು ಕೆಂಪು ಪೆನ್ನಿನಲ್ಲಿ 'ಓಕೆ' ಎಂದು ಬರೆದಿಟ್ಟಿದ್ದ ಕೈಬರಹದ ಲೇಖನಗಳು. ಯಾರದ್ದು ಯಾವ ವಾರ ಬರಬೇಕು ಎನ್ನುವುದು ನನ್ನ ತಲೆಯಲ್ಲಿ ಮಾತ್ರ ಇತ್ತು. ನನ್ನ ಜಾಗಕ್ಕೆ ಬರುವವರು ಡ್ರಾಯರ್ ತೆಗೆದೇ ತೆಗೆಯುತ್ತಾರೆ, ನೋಡುತ್ತಾರೆ ಅಂದುಕೊಂಡೆ. ಇದೇ ನಾನು ಮಾಡಿದ ತಪ್ಪು. ಮರೆತಿರಲಿಲ್ಲ. ಕೊನೆಯ ದಿನ ಆ ಡ್ರಾಯರ್ ತೆಗೆದು, ನೋಡಿ, ಮುಚ್ಚಿದ್ದೇನೆ. ಅರ್ಧ ಗಂಟೆ ಕೂತು ಪಟ್ಟಿ ಮಾಡಿದ್ದರೆ ಸಾಕಿತ್ತು. ಆ ಅರ್ಧ ಗಂಟೆಯಲ್ಲಿ ಪತ್ರದ ಕೊನೆಯ ಪ್ಯಾರಾ ಇನ್ನೊಮ್ಮೆ ತಿದ್ದಿದೆ.

ಮುಂದಿನ ಏಪ್ರಿಲ್‌ನಲ್ಲಿ ಶಿರಸಿ ಕಡೆಯ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿದರು. ಅಘನಾಶಿನಿ ನದಿ ದಂಡೆಯ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನ ಮರಗಳನ್ನು ವರ್ಷಗಟ್ಟಲೆ ತಿರುಗಿ ನೋಡಿ ಬರೆದವರು. ಅನಂತಭಟ್ಟನ ಅಪ್ಪೆ ಎಂಬ ತಳಿಯ ಗುರುತೇನು, ಯಾವ ಮರದ ಸೊನೆಗೆ ಜೀರಿಗೆ ಪರಿಮಳ, ಯಾವುದಕ್ಕೆ ಕರ್ಪೂರದ್ದು ಎಂದು ಹನ್ನೊಂದು ಹಾಳೆ. "ಮಾರ್ಚ್‌ನಲ್ಲಿ ಹಾಕ್ತೀವಿ ಅಂದಿದ್ರಲ್ಲ, ಮಿಡಿ ಕೊಯ್ಲೇ ಮುಗೀತು" ಅಂದರು. ಕೆಲಸ ಬಿಟ್ಟೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಿಡೂಕೆ ಮುಂಚೆ ಒಂದು ಮಾತು ಹೇಳಿದ್ರೆ ವಾಪಸ್ ಕಳ್ಸಿ ಅಂತಿದ್ದೆ. ನನ್ನ ಹತ್ರ ಬೇರೆ ಪ್ರತಿ ಇಲ್ಲ."

ಕಚೇರಿಗೆ ಓಡಿದೆ. ಮೇಜು ಬದಲಾಗಿತ್ತು, ಹಳೇ ಕಾಗದವೆಲ್ಲ ರದ್ದಿಗೆ ಹೋಗಿತ್ತು. ಯಾರನ್ನು ದೂರಲಿ?

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಘನತೆ ಪತ್ರದಲ್ಲಿ ಇಲ್ಲ. ರಾಜೀನಾಮೆಗೆ ಎರಡು ಸಾಲು ಸಾಕು: ಇಂಥ ದಿನ ಬಿಡುತ್ತೇನೆ, ಧನ್ಯವಾದ. ನಿಜವಾದ ಕಾರಣವನ್ನು ನಿಮ್ಮ ಮೇಲಿನವರಿಗೆ ಮುಖಾಮುಖಿ ಕೂತು ಒಂದೇ ಸಲ ಹೇಳಿ, ಅದೂ ಟೀ ಅಂಗಡಿಯಲ್ಲಿ ಗೆಳೆಯರಿಗೆ ಹೇಳುವ ಮೊದಲು. ನೋಟಿಸ್ ಅವಧಿಯನ್ನು ರಜೆಯಲ್ಲಿ ಕಳೆಯಬೇಡಿ. ನಿಮ್ಮ ಮಾತು ನಂಬಿಕೊಂಡು ಕೂತವರು ಕಚೇರಿಯ ಹೊರಗೂ ಇರುತ್ತಾರೆ, ಬೀಳ್ಕೊಡುಗೆಗೆ ಅವರನ್ನು ಯಾರೂ ಕರೆಯುವುದಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟು) ಸಿಗಲು ಸಾಮಾನ್ಯವಾಗಿ 5 ವರ್ಷದ ಸತತ ಸೇವೆ ಬೇಕು. ಒಂದೆರಡು ತಿಂಗಳು ಬಾಕಿಯಿದ್ದರೆ ತಡೆದುಕೊಳ್ಳಿ. ಪಿಎಫ್ ಹಣ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಗೆ 10 ವರ್ಷದ ಸೇವೆ ಲೆಕ್ಕಕ್ಕೆ ಬರಬೇಕು, ಪಿಂಚಣಿಯ ಭಾಗ ತೆಗೆದುಬಿಟ್ಟರೆ ಹಳೆಯ ವರ್ಷಗಳು ಹೋದಂತೆಯೇ.

2019ರಲ್ಲಿ ಇನ್ನೊಂದು ಕೆಲಸ ಬಿಟ್ಟೆ. ಆಗ 41 ಹೆಸರಿನ ಪಟ್ಟಿ ಮಾಡಿದೆ. ಯಾರಿಗೆ ಏನು ಮಾತು ಕೊಟ್ಟಿದ್ದೆ, ಇನ್ನು ಮುಂದೆ ಯಾರನ್ನು ಕೇಳಬೇಕು, ಎಲ್ಲ. ಮೂರು ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ.

ಶಿರಸಿಯವರ ಮನೆಗೂ ಒಮ್ಮೆ ಹೋಗಿ ಬಂದೆ. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಅಂದೆ. ಊಟಕ್ಕೆ ಮಿಡಿ ಉಪ್ಪಿನಕಾಯಿ ಬಡಿಸಿದರು, ಮರಗಳ ವಿಷಯ ಎತ್ತಲಿಲ್ಲ.